ಕಾಯಕವೆಂದು ಕರೆದರೆ ಕೂಲಿಯ ಬಾಕಿ ತೀರುವುದೇ?



ಈ ಸಲದ ಬಸವ ಜಯಂತಿಗೆ ನಮ್ಮ ಮಾರೇನಹಳ್ಳಿಯ ಹತ್ತಿರದ ಸಮುದಾಯ ಭವನವೊಂದರಲ್ಲಿ ಸಭೆ ಇತ್ತು. ಮಾತಾಡಲು ಬಂದಿದ್ದವರು ಒಳ್ಳೆಯ ವಾಗ್ಮಿಗಳು. ಮನೆಮನೆಗೆ ಊಟ ತಲುಪಿಸುವ ಹುಡುಗರು, ಆಟೋ ಓಡಿಸುವವರು, ಬೀದಿಬದಿ ಹೂ ಕಟ್ಟುವ ತಾಯಂದಿರು, ಇವರೇ ಇಂದಿನ ಕಾಯಕಯೋಗಿಗಳು ಎಂದರು. ಇವರು ಯಾರ ಹಂಗಿನಲ್ಲೂ ಇಲ್ಲ, ಸರ್ಕಾರದ ಮುಂದೆ ಕೈಚಾಚುವುದಿಲ್ಲ, ಹನ್ನೆರಡನೆಯ ಶತಮಾನದ ಕಲ್ಯಾಣ ಕಣ್ಣೆದುರಿಗೇ ಬಂದು ನಿಂತಿದೆ ಎಂದೂ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ತಟ್ಟಿದವರಲ್ಲಿ ನಾನೂ ಒಬ್ಬ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಹಾಜರಿ ಪುಸ್ತಕವನ್ನು ಇಳಿಸಿ ನೋಡುತ್ತ ಕುಳಿತೆ. ಆ ಪುಸ್ತಕ ನೋಡಿದ ಮೇಲೆ ಈ ಲೇಖನ ಬರೆಯದೆ ಇರಲಾಗಲಿಲ್ಲ.

ನಾನು ಉಪನ್ಯಾಸಕನೂ ಅಲ್ಲ, ಲೇಖಕನೂ ಅಲ್ಲ. ಟರ್ನರ್. 1978ರಲ್ಲಿ ಐಟಿಐ ಮುಗಿಸಿ ರಾಜಾಜಿನಗರದ ಕಡೆಯ ಒಂದು ಕಾರ್ಖಾನೆ ಸೇರಿದೆ. 2001ರಲ್ಲಿ ಸ್ವಯಂ ನಿವೃತ್ತಿ ಪಡೆದೆ. ಅದಕ್ಕೆ 'ಸ್ವಯಂ' ಎಂಬ ಶಬ್ದ ಹೇಗೆ ಅಂಟಿಕೊಂಡಿತೋ ತಿಳಿಯದು, ನಮ್ಮಲ್ಲಿ ಯಾರೂ ಸ್ವಯಂ ಇಚ್ಛೆಯಿಂದ ಸಹಿ ಹಾಕಲಿಲ್ಲ. ಬಂದ ಹಣದಲ್ಲಿ ಕಾಮಾಕ್ಷಿಪಾಳ್ಯದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ಎರಡು ಲೇತು, ಒಂದು ಡ್ರಿಲ್ಲಿಂಗ್ ಮಿಷನ್, ಒಂದು ಪವರ್ ಪ್ರೆಸ್ ಹಾಕಿದೆ. ಹೀಗೆ ಕಾರ್ಮಿಕನಾಗಿದ್ದವನು ಯಜಮಾನನಾದೆ.

ನನ್ನ ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರುಗಳಿವೆ. ಯಾವ ತಿಂಗಳು ತೆರೆದರೂ ಒಂಬತ್ತೇ. ಶೆಡ್ಡಿನಲ್ಲಿ ದುಡಿಯುತ್ತಿದ್ದವರು ಮಾತ್ರ ಹದಿಮೂರು ಮಂದಿ. ಕಾರಣ ಈ ಕಸುಬಿನಲ್ಲಿರುವ ಯಾರಿಗಾದರೂ ಗೊತ್ತು. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಅನ್ವಯಿಸುತ್ತಿತ್ತು. ಇಎಸ್‌ಐಗೂ ಹತ್ತೇ ಗಡಿ, ಪಿಎಫ್‌ಗೆ ಇಪ್ಪತ್ತು. ಹತ್ತನೆಯ ಹೆಸರು ಬರೆದ ದಿನ ಇನ್‌ಸ್ಪೆಕ್ಟರ್ ಬಾಗಿಲಿಗೆ ಬರುತ್ತಾರೆ ಎಂದು ಶೆಡ್ಡಿನ ನೆರೆಹೊರೆಯವರು ಮೊದಲ ವಾರವೇ ಪಾಠ ಹೇಳಿದ್ದರು. ಕೆಲವರು ಅದೇ ಶೆಡ್ಡಿಗೆ ನಡುವೆ ಒಂದು ತಗಡು ನಿಲ್ಲಿಸಿ, ಅರ್ಧ ತಮ್ಮ ಹೆಸರಲ್ಲಿ, ಅರ್ಧ ಹೆಂಡತಿಯ ಹೆಸರಲ್ಲಿ ಇಟ್ಟಿದ್ದರು. ನಾನು ತಗಡು ನಿಲ್ಲಿಸಲಿಲ್ಲ, ಹೆಸರು ಬರೆಯಲಿಲ್ಲ, ಅಷ್ಟೇ ವ್ಯತ್ಯಾಸ.

2008ರಲ್ಲಿ ಪವರ್ ಪ್ರೆಸ್ಸಿಗೆ ಒಬ್ಬ ಹುಡುಗನ ಬಲಗೈ ತೋರುಬೆರಳು ಸಿಕ್ಕಿತು. ಕುಣಿಗಲ್ ಕಡೆಯವನು, ಇಪ್ಪತ್ತನಾಲ್ಕು ವರ್ಷ. ಎರಡು ಗೆಣ್ಣು ಹೋಯಿತು. ಅವನು ಪುಸ್ತಕದಲ್ಲಿಲ್ಲದ ನಾಲ್ವರಲ್ಲಿ ಒಬ್ಬ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಮ್ಮ ಶೆಡ್ಡಿಗೆ ದೂರವೇನಲ್ಲ, ಆದರೆ ಅವನ ಹೆಸರಲ್ಲಿ ಕಾರ್ಡ್ ಇರಲಿಲ್ಲ. ಖಾಸಗಿ ಆಸ್ಪತ್ರೆಗೆ ಸೇರಿಸಿ ಬಿಲ್ಲನ್ನು ನಾನೇ ಕಟ್ಟಿದೆ, ಮೇಲೆ ಹತ್ತು ಸಾವಿರ ಕೊಟ್ಟೆ. ಊರಿಂದ ಅವನ ತಾಯಿ ಬಂದಿದ್ದರು. "ಆಸ್ಪತ್ರೆ ದುಡ್ಡು ನೀವೇ ಕಟ್ಟಿದ್ರಿ ಬುದ್ಧಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಇವ್ನು ನಿಮ್ಮತ್ರ ಕೆಲ್ಸಕ್ಕಿದ್ದ ಅಂತ ಒಂದು ಚೀಟಿ ಬರ್ಕೊಡಿ, ಮುಂದಕ್ಕೆ ಎಲ್ಲಾದ್ರೂ ತೋರಿಸ್ಕಂತಾನೆ" ಎಂದರು. ನಾನು ಚೀಟಿ ಬರೆದುಕೊಡಲಿಲ್ಲ. ಬರೆದಿದ್ದರೆ ಅದೇ ನನ್ನ ವಿರುದ್ಧದ ಸಾಕ್ಷಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನನ್ನು ಆ ತಾಯಿ 'ಬುದ್ಧಿ' ಎಂದು ಕರೆದಾಗ, ಹಾಗೆ ಕರೆಯಬೇಡಿ ಅಮ್ಮ ಎನ್ನಲೂ ನನಗೆ ತೋಚಲಿಲ್ಲ.

ಆ ರಾತ್ರಿ ಹೆಂಡತಿಗೆ, "ಕೊಟ್ಟ ಹಣವನ್ನು ದಾಸೋಹಕ್ಕೆ ಹೋಯಿತು ಅಂತ ತಿಳ್ಕೋ" ಎಂದೆ. ಇಷ್ಟು ವರ್ಷ ಹಾಗೆಯೇ ತಿಳಿದುಕೊಂಡಿದ್ದೆ.

ಈಗ ಲೆಕ್ಕ ಹೇಳುತ್ತೇನೆ. ಆಗ ಇಎಸ್‌ಐಗೆ ಮಾಲೀಕರು ಕಟ್ಟಬೇಕಾದದ್ದು ಸಂಬಳದ ಶೇ. 4.75. ಅವನ ಸಂಬಳ 4500 ರೂಪಾಯಿ. ಅಂದರೆ ಅವನ ಹೆಸರು ಬರೆಯದೆ ನಾನು ಉಳಿಸಿದ್ದು ತಿಂಗಳಿಗೆ 214 ರೂಪಾಯಿ. ಬರೆದಿದ್ದರೆ ಚಿಕಿತ್ಸೆಯ ಜೊತೆಗೆ, ಬೆರಳಿನ ನಷ್ಟಕ್ಕೆ ಬದುಕಿರುವವರೆಗೆ ತಿಂಗಳ ಪಿಂಚಣಿ ಅವನಿಗೆ ಸಿಗುತ್ತಿತ್ತು. ಇಎಸ್‌ಐ ಇಲ್ಲದ ಕಡೆಯೂ ಆಗ 1923ರಷ್ಟು ಹಳೆಯ ಪರಿಹಾರ ಕಾಯ್ದೆಯೊಂದಿತ್ತು. ಅದಕ್ಕೆ ಒಂಬತ್ತು ಹತ್ತರ ಗಡಿ ಇರಲಿಲ್ಲ. ತೋರುಬೆರಳಿನ ಎರಡು ಗೆಣ್ಣಿಗೆ ಶೇ. 11 ಎಂದು ಅದರ ಪಟ್ಟಿಯಲ್ಲಿ ಬರೆದೇ ಇತ್ತು. ವಕೀಲರಿಂದ ಲೆಕ್ಕ ಹಾಕಿಸಿದೆ. ಅಂದು ಸಲ್ಲಬೇಕಾಗಿದ್ದ ಮೊತ್ತ ಸುಮಾರು 57 ಸಾವಿರ. ತಡವಾದದ್ದಕ್ಕೆ ವರ್ಷಕ್ಕೆ ಶೇ. 12ರ ಬಡ್ಡಿ. ಹದಿನೆಂಟು ವರ್ಷಕ್ಕೆ ಒಟ್ಟು ಒಂದು ಲಕ್ಷ ಎಂಬತ್ತು ಸಾವಿರದ ಆಸುಪಾಸು. ನಾನು ದಾಸೋಹ ಎಂದು ಹೆಸರಿಟ್ಟದ್ದು ಸಾಲದ ಒಂದು ತುಣುಕು. ಸಾಲವನ್ನು ದಾನವೆಂದು ತಿರುಗಿಸಿ ಹೇಳುವುದನ್ನು ನಾವು ಎಲ್ಲಿ ಕಲಿತೆವು, ಬಂಧುಗಳೇ?

ನನ್ನ ತಪ್ಪನ್ನು ಮುಚ್ಚಿಕೊಳ್ಳಲು ಮುಂದಿನದನ್ನು ಹೇಳುತ್ತಿಲ್ಲ. ಆದರೆ ಈ ತಪ್ಪು ನನ್ನೊಬ್ಬನ ದುರಾಸೆಯಿಂದ ಹುಟ್ಟಿದ್ದಾಗಿದ್ದರೆ ನಾನು ಮಠಕ್ಕೆ ಹೋಗಿ ಪೂಜ್ಯರ ಮುಂದೆ ತಪ್ಪೊಪ್ಪಿಕೊಂಡು ಸುಮ್ಮನಿರುತ್ತಿದ್ದೆ, ಪತ್ರಿಕೆಗೆ ಬರೆಯುತ್ತಿರಲಿಲ್ಲ. ಕಾಮಾಕ್ಷಿಪಾಳ್ಯದ ಆ ಸಾಲಿನ ಶೆಡ್ಡುಗಳಲ್ಲಿ ಎಲ್ಲರೂ ಒಂಬತ್ತರಲ್ಲೇ ನಿಲ್ಲುತ್ತಿದ್ದರೆಂದರೆ, ನಮ್ಮೆಲ್ಲರನ್ನೂ ಅಲ್ಲಿಗೆ ತಳ್ಳಿದ್ದು ಏನು ಎಂದು ಕೇಳಲೇಬೇಕು.

ನಮ್ಮ ಪಶ್ಚಿಮ ಬೆಂಗಳೂರು ಮೊದಲು ಹೀಗಿರಲಿಲ್ಲ. 1884ರಲ್ಲಿ ಶುರುವಾದ ಬಿನ್ನಿ ಮಿಲ್ಲಿನ ಸೈರನ್ನಿಗೆ ಮಾಗಡಿ ರಸ್ತೆಯ ಮನೆಗಳಲ್ಲಿ ಒಲೆ ಹೊತ್ತುತ್ತಿದ್ದ ಕಾಲವಿತ್ತು. ಈಗ ಆ ನೆಲದ ಮೇಲೆ ಅಪಾರ್ಟ್‌ಮೆಂಟೂ ಮಾಲೂ ಎದ್ದಿವೆ. ಮಿನರ್ವ ಮಿಲ್ಲಿನ ಹೆಸರು 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ಉಳಿದಿದೆ. ಅಲ್ಲಿ ದುಡಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಇವು ಐದೂ ಸೇರಿ ಈ ಊರಿನ ಸಾವಿರಾರು ರೈತರ ಮಕ್ಕಳಿಗೆ ತಿಂಗಳ ಸಂಬಳ, ಮನೆ, ಮಕ್ಕಳಿಗೆ ಶಾಲೆ ಕೊಟ್ಟವು. 1980ರ ಡಿಸೆಂಬರಿನಿಂದ 77 ದಿನ ಈ ಕಾರ್ಖಾನೆಗಳ ಕಾರ್ಮಿಕರು ಮುಷ್ಕರ ಹೂಡಿದರು. ಅದಾದ ಮೇಲೆ ಆಡಳಿತಗಳು ಒಂದು ಪಾಠ ಕಲಿತವು ಎಂಬುದು ನಾನು ಕಂಡದ್ದು. ಒಂದೇ ಗೇಟಿನೊಳಗೆ ಸಾವಿರಾರು ಜನರನ್ನು ಸೇರಿಸಬಾರದು, ಕೆಲಸವನ್ನೇ ಗೇಟಿನ ಹೊರಗೆ ಕಳಿಸಬೇಕು. 1991ರ ಉದಾರೀಕರಣ ಆ ಪಾಠಕ್ಕೆ ದೇಶದ ನೀತಿಯ ಮುದ್ರೆ ಒತ್ತಿತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು, ಎಚ್‌ಎಂಟಿಯ ಗಡಿಯಾರ 2016ರಲ್ಲಿ ನಿಂತಿತು.

ಕಾರ್ಖಾನೆ ಮುಚ್ಚಿದರೂ ಕೆಲಸ ಮಾಯವಾಗಲಿಲ್ಲ, ಕೆಳಗಿಳಿಯಿತು. ದೊಡ್ಡ ಕಂಪನಿಯ ಆರ್ಡರ್ ಪೀಣ್ಯದ ಒಬ್ಬ ವೆಂಡರಿಗೆ, ಅವನಿಂದ ನನ್ನ ಶೆಡ್ಡಿಗೆ, ನನ್ನ ಶೆಡ್ಡಿನಿಂದ ಮಾರೇನಹಳ್ಳಿಯ ಓಣಿಯ ಒಂದು ಮನೆಗೆ. ಅಲ್ಲಿ ಇಬ್ಬರು ಹೆಣ್ಣುಮಕ್ಕಳು ಅಡುಗೆ ಮುಗಿಸಿ, ಅರ ಹಿಡಿದು ಪೀಸಿನ ಅಂಚು ತಿಕ್ಕುತ್ತಿದ್ದರು, ನೂರು ಪೀಸಿಗೆ ಇಷ್ಟು ಎಂದು. ಪ್ರತಿ ಮೆಟ್ಟಿಲಿನಲ್ಲೂ ದರ ಇಳಿಯುತ್ತದೆ, ಪ್ರತಿ ಮೆಟ್ಟಿಲಿನಲ್ಲೂ ಹಣ ತಡವಾಗುತ್ತದೆ. 2006ರ ಕಾಯ್ದೆ ಸಣ್ಣ ಕೈಗಾರಿಕೆಗಳಿಗೆ 45 ದಿನದೊಳಗೆ ಹಣ ಕೊಡಬೇಕು ಎನ್ನುತ್ತದೆ. ನನಗೆ ನಾಲ್ಕು ತಿಂಗಳಿಗಿಂತ ಮೊದಲು ಬಂದದ್ದು ಕಡಿಮೆ. ದೂರು ಕೊಟ್ಟವನಿಗೆ ಹಳೆಯ ಬಾಕಿ ಬರಬಹುದು, ಮುಂದಿನ ಆರ್ಡರ್ ಬರುವುದಿಲ್ಲ. ಶನಿವಾರ ಬಟವಾಡೆ ಮಾಡಲೇಬೇಕು, ಶೆಡ್ಡಿನ ಬಾಡಿಗೆ, ಕರೆಂಟಿನ ಬಿಲ್ಲು ನಿಲ್ಲುವುದಿಲ್ಲ. ನಾನು ಹಿಂಡಬಹುದಾದದ್ದು ಒಂದೇ, ನನಗಿಂತ ಕೆಳಗಿನವನ ಕೂಲಿ. ಮೇಲಿನವರಿಗೆ ಇದು ಗೊತ್ತು. ತಮ್ಮ ಕೈ ಶುದ್ಧವಾಗಿರಲೆಂದೇ ಅವರು ನನ್ನಂಥವನನ್ನು ನಡುವೆ ಇಟ್ಟುಕೊಳ್ಳುತ್ತಾರೆ.

ಇದಕ್ಕೆ ಎರಡು ಉತ್ತರ ಬರುತ್ತವೆ. ಒಂದು, ನಮ್ಮ ಜನಕ್ಕೆ ಕೌಶಲವಿಲ್ಲ, ಅದಕ್ಕೇ ಒಳ್ಳೆಯ ಕೆಲಸ ಸಿಗುವುದಿಲ್ಲ ಎಂಬುದು. ಪ್ರೆಸ್ ಓಡಿಸಲು, ಡೈ ಕೂರಿಸಲು, ನೂಲಿನಷ್ಟು ಅಳತೆ ತಪ್ಪದಂತೆ ತಿರುವಲು ನನ್ನ ಹದಿಮೂರೂ ಜನಕ್ಕೆ ಬರುತ್ತಿತ್ತು. ಕಾರ್ಖಾನೆಯೊಳಗೆ ಅದೇ ಕೆಲಸಕ್ಕೆ ನನಗೆ ಪಿಎಫ್, ಗ್ರಾಚ್ಯುಟಿ, ಕ್ಯಾಂಟೀನ್ ಊಟ ಇತ್ತು. ಕೆಲಸ ಅದೇ, ಕೈ ಅದೇ, ಬದಲಾದದ್ದು ಗೋಡೆ ಮಾತ್ರ. ಕೀತ್ ಹಾರ್ಟ್ ಎಂಬ ಮಾನವಶಾಸ್ತ್ರಜ್ಞರು ಆಫ್ರಿಕದ ಘಾನಾ ದೇಶದ ಅಕ್ರಾ ನಗರದ ಬಡವರ ನಡುವೆ ಇದ್ದು ನೋಡಿ, 1971ರಲ್ಲೇ ಹೇಳಿದ್ದು ಇದೇ: ಇವರು ನಿರುದ್ಯೋಗಿಗಳಲ್ಲ, ದಿನವಿಡೀ ದುಡಿಯುತ್ತಾರೆ, ಲೆಕ್ಕ ಬರೆಯುವವರ ಪುಸ್ತಕದಲ್ಲಿ ಮಾತ್ರ ಇಲ್ಲ. 1992ರಲ್ಲಿ ಮಾಸ್ಕೋದ ರಸ್ತೆಗಳಲ್ಲಿ ಜನ ಮನೆಯ ಪಾತ್ರೆ ಬಟ್ಟೆ ಹಿಡಿದು ಮಾರುತ್ತ ನಿಂತರಲ್ಲ, ಅವರಲ್ಲಿ ಓದು ಬರಹ ಬಲ್ಲವರಿಗೆ ಕೊರತೆ ಇರಲಿಲ್ಲ. ಒಂದು ವ್ಯವಸ್ಥೆಯನ್ನು ಕೆಡವಿ ಇನ್ನೊಂದನ್ನು ಕಟ್ಟುವವರು ನಡುವಿನ ಹೊರೆಯನ್ನು ಯಾರ ಹೆಗಲಿಗೆ ಹಾಕುತ್ತಾರೆ ಎಂಬುದು ಪ್ರಶ್ನೆ. ಅಲ್ಲೂ ಇಲ್ಲೂ ಅದು ದುಡಿಯುವವನ ಹೆಗಲಿಗೇ ಬಿತ್ತು.

ಎರಡನೆಯ ಉತ್ತರ, ಕಾರ್ಮಿಕ ಕಾನೂನು ಬಿಗಿಯಾಗಿರುವುದರಿಂದಲೇ ಮಾಲೀಕರು ಜನರನ್ನು ಕಾಯಂ ಮಾಡಲು ಹೆದರುತ್ತಾರೆ ಎಂಬುದು. ಇದರಲ್ಲಿ ಒಂದು ಪಾಲು ಸತ್ಯವಿದೆ, ನಾನೇ ಹೆದರಿದವನು. ಆದರೆ ಆ ವಾದದವರು ಬೆರಳು ತೋರಿಸುವುದು ಕೆಲಸದಿಂದ ತೆಗೆಯಲು ಸರ್ಕಾರದ ಅನುಮತಿ ಬೇಕೆಂಬ ನಿಯಮದ ಕಡೆಗೆ. ಅದು ನೂರು ಜನರಿದ್ದ ಕಾರ್ಖಾನೆಗೆ ಮಾತ್ರ ತಾಗುತ್ತಿತ್ತು. ಹದಿಮೂರು ಜನರ ನನ್ನ ಶೆಡ್ಡಿಗೂ ಅದಕ್ಕೂ ಏನು ಸಂಬಂಧ? ನಾನು ಹೆದರಿದ್ದು 214 ರೂಪಾಯಿಗೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಆ ನೂರು ಈಗ ಮುನ್ನೂರಾಗಿದೆ. ಗುತ್ತಿಗೆ ಕಾರ್ಮಿಕರ ನಿಯಮದ ಇಪ್ಪತ್ತು ಐವತ್ತಾಗಿದೆ. ವಿದ್ಯುತ್ ಬಳಸುವ ಕಾರ್ಖಾನೆಯ ಗಡಿ ಹತ್ತರಿಂದ ಇಪ್ಪತ್ತಕ್ಕೆ ಏರಿದೆ. ಇಎಸ್‌ಐ ಗಡಿ ಹತ್ತರಲ್ಲೇ ಇದೆ ಎಂಬುದೊಂದು ಸಮಾಧಾನ, ನೇಮಕಾತಿ ಪತ್ರ ಕೊಡಬೇಕೆಂಬ ಮಾತೂ ಒಳ್ಳೆಯದು. ಉಳಿದಂತೆ, ನಾನು ಒಂಬತ್ತು ಬರೆಯುತ್ತಿದ್ದ ಕಡೆ ನಾಳೆಯ ಯಜಮಾನ ಹತ್ತೊಂಬತ್ತು ಬರೆಯುತ್ತಾನೆ.

ಇನ್ನು ಸರ್ಕಾರ ಎಂಬ ದೊಡ್ಡ ಯಜಮಾನನ ವಿಷಯ. ದಿನಗೂಲಿಯಲ್ಲಿ ಹತ್ತಾರು ವರ್ಷ ದುಡಿದವರು ಕಾಯಂ ಮಾಡಿ ಎಂದು ಕೇಳಿದಾಗ, 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದು ಹಕ್ಕಲ್ಲ ಎಂದಿತು. ಆ ಪ್ರಕರಣದಲ್ಲಿ ಎದುರು ನಿಂತದ್ದು ನಮ್ಮದೇ ಕರ್ನಾಟಕ ಸರ್ಕಾರ. ಹಿಂಬಾಗಿಲ ನೇಮಕ ತಪ್ಪು ಎಂಬುದನ್ನು ಒಪ್ಪೋಣ. ಆದರೆ ಹಿಂಬಾಗಿಲು ತೆರೆದವರಿಗೆ ಶಿಕ್ಷೆಯಿಲ್ಲ, ಒಳಗೆ ಬಂದು ದುಡಿದವನಿಗೆ ಮಾತ್ರ. ಆ ತೀರ್ಪನ್ನು ದುಡಿಯುವವರ ವಿರುದ್ಧದ ಆಯುಧವಾಗಿ ಬಳಸಬಾರದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರು 2022ರ ಜುಲೈನಲ್ಲಿ ಕೆಲಸ ನಿಲ್ಲಿಸಿ ಕೂತ ಮೇಲೆಯೇ ಕಾಯಂ ಮಾಡುವ ಮಾತು ಮುಂದೆ ಸಾಗಿದ್ದು.

ಅದಕ್ಕಿಂತ ನನ್ನನ್ನು ಹೆಚ್ಚು ಚುಚ್ಚುವುದು ಶಾಲೆಯ ಬಿಸಿಯೂಟ. ಆ ಯೋಜನೆಗೆ ನಮ್ಮ ರಾಜ್ಯ ಇಟ್ಟ ಹೆಸರು ಅಕ್ಷರ ದಾಸೋಹ. ಎಷ್ಟು ಚೆಂದದ ಹೆಸರು! ಅಡುಗೆ ಮಾಡುವ ತಾಯಂದಿರಿಗೆ ಕೇಂದ್ರ 2009ರಲ್ಲಿ ನಿಗದಿ ಮಾಡಿದ ಮೊತ್ತ ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ರಾಜ್ಯ ತನ್ನ ಪಾಲನ್ನು ಮೇಲೆ ಸೇರಿಸುತ್ತದೆ, ಆದರೂ ಅದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಸಂಬಳ ಎಂದರೆ ಕನಿಷ್ಠ ವೇತನ ಕೊಡಬೇಕಾಗುತ್ತದಲ್ಲ! ಶರಣರ ಶಬ್ದವನ್ನು ತೆಗೆದುಕೊಂಡು ಹೆಣ್ಣುಮಕ್ಕಳ ಕೂಲಿಯ ಮೇಲೆ ಮುಸುಕಾಗಿ ಹೊದಿಸಿದಾಗ ನಮ್ಮ ಸಮಾಜದಿಂದ ಒಂದು ದನಿಯೂ ಏಳಲಿಲ್ಲ.

ಏಕೆ ಏಳಲಿಲ್ಲ? ಏಳುವ ನೈತಿಕ ಬಲ ನಮಗಿರಲಿಲ್ಲ, ಅದಕ್ಕೆ. ಈ ಮಾತು ಕಹಿ ಎಂದು ಗೊತ್ತು, ಆದರೆ ಪತ್ರಿಕೆ ಇರುವುದು ಇದಕ್ಕೇ. ನಮ್ಮ ಮಠಗಳು ಊರೂರಿಗೆ ಶಾಲೆ, ಹಾಸ್ಟೆಲ್ ಕಟ್ಟಿ ಜಾತಿ ನೋಡದೆ ಮಕ್ಕಳಿಗೆ ಅನ್ನ ಅಕ್ಷರ ಕೊಟ್ಟವು. ಆ ಋಣ ನನ್ನ ಮೇಲೂ ಇದೆ, ನಾನೂ ಮಠದ ಹಾಸ್ಟೆಲ್ಲಿನ ಮುದ್ದೆ ಉಂಡವನು. ಆದರೆ ಇಂದು ನಮ್ಮ ಸಮಾಜದವರು ನಡೆಸುವ ಎಷ್ಟು ಅನುದಾನರಹಿತ ಶಾಲೆಗಳಲ್ಲಿ ಶಿಕ್ಷಕಿಯ ಕೈಗೆ ನೇಮಕಾತಿ ಪತ್ರವಿದೆ? ಒಂದು ಮೊತ್ತಕ್ಕೆ ಸಹಿ ಹಾಕಿ ಇನ್ನೊಂದು ಮೊತ್ತ ಎಣಿಸಿಕೊಳ್ಳುವ ಶಿಕ್ಷಕರು ನಮ್ಮ ಮನೆಗಳಲ್ಲೇ ಇದ್ದಾರೆ, ಹೊರಗೆ ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಂಬಳವಿಲ್ಲ, ಜೂನಿನಲ್ಲಿ ಹೊಸದಾಗಿ ಸೇರಿದಂತೆ. ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದಿಂದ ಹೊಗೆ ಕುಡಿಯುತ್ತಿರುವ ಬಾಣಸಿಗನನ್ನು ಕೇಳಿದರೆ, "ನಾನು ಕೆಲಸದಲ್ಲಿಲ್ಲ ಸಾಮಿ, ಸೇವೆ ಮಾಡ್ಕೊಂಡಿದೀನಿ" ಎನ್ನುತ್ತಾನೆ. ಸೇವೆ ಮಾಡುವವನಿಗೆ ವಯಸ್ಸಾಗುವುದಿಲ್ಲವೇ? ಅವನ ಮಂಡಿಗೆ ನೋವು ಬರುವುದಿಲ್ಲವೇ? ಸಂಸ್ಥೆಯ ಹಿರಿಯರನ್ನು ಕೇಳಿದರೆ "ಕಾಯಕ ಅಂದ ಮೇಲೆ ಲೆಕ್ಕ ಕೇಳಬಾರದು" ಎಂಬ ಉತ್ತರ ಬರುತ್ತದೆ.

ಕಾಯಕದಲ್ಲಿ ಲೆಕ್ಕವಿಲ್ಲ ಎಂದವರಾರು? ಆಯ್ದಕ್ಕಿ ಲಕ್ಕಮ್ಮನವರ ಕತೆ ನಮಗೆಲ್ಲ ಬಾಯಿಪಾಠ. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲೇ ಹಾಕಿ ಬನ್ನಿ ಎಂದು ಆ ತಾಯಿ ಹಿಂದಕ್ಕೆ ಕಳಿಸಿದರು. ಹಿಡಿ ಅಕ್ಕಿಯ ಲೆಕ್ಕ ಅದು. ತನಗೆ ಸಲ್ಲದ್ದನ್ನು ತನ್ನ ಮನೆಯೊಳಗೆ ಇಟ್ಟುಕೊಳ್ಳಬಾರದು ಎಂಬ ಲೆಕ್ಕ. ಆ ಅಳತೆಗೋಲು ಹಿಡಿದರೆ ನನ್ನ 214 ರೂಪಾಯಿ ಎಲ್ಲಿ ಸೇರಬೇಕಿತ್ತು? ನಾವು ಈ ಕತೆಯನ್ನು ಹೇಳುವಾಗ ಯಾವಾಗಲೂ ದುಡಿಯುವವನಿಗೆ 'ಅತಿಯಾಸೆ ಬೇಡ' ಎಂಬ ಪಾಠ ಮಾಡುತ್ತೇವೆ. ಇಟ್ಟುಕೊಂಡವನಿಗೆ, 'ಹಿಂದಕ್ಕೆ ಕೊಡು' ಎಂದು ಹೇಳುವುದೇ ಇಲ್ಲ.

ಸಭೆಯ ಆ ಮಾತಿಗೆ ಮರಳಿ ಬರುತ್ತೇನೆ. ಊಟ ತಲುಪಿಸುವ ಹುಡುಗ ಯಾರ ಹಂಗಿನಲ್ಲೂ ಇಲ್ಲವಂತೆ. ಗಾಡಿ ಅವನದು, ಗಾಡಿಯ ಸಾಲ ಅವನದು, ಪೆಟ್ರೋಲ್ ಅವನದು, ಬಿದ್ದರೆ ಮುರಿಯುವ ಕಾಲೂ ಅವನದು. ದರ ಮಾತ್ರ ಅವನದಲ್ಲ. ಅದನ್ನು ಫೋನು ಹೇಳುತ್ತದೆ, ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಯಾಕೆ ಕಡಿಮೆಯಾಯಿತೆಂದು ಕೇಳಲು ಎದುರಿಗೆ ಮನುಷ್ಯನೇ ಇಲ್ಲ. ನನ್ನ ಶೆಡ್ಡಿನಲ್ಲಿ ಹೊಡೆದಾಡಲಾದರೂ ನಾನೊಬ್ಬ ಇದ್ದೆ! 2025ರಲ್ಲಿ ನಮ್ಮ ರಾಜ್ಯ ಇವರಿಗಾಗಿ ಒಂದು ಕಾನೂನು ತಂದು, ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲು ಮಾಡಲು ಹೊರಟಿರುವುದು ಒಳ್ಳೆಯ ಹೆಜ್ಜೆ. ಹಾಗಿದ್ದರೂ ಅವನು ಆ ಕಂಪನಿಯ ನೌಕರನೇ ಎಂದು ಅದು ಹೇಳುವುದಿಲ್ಲ. ಬಿಸಿಲಲ್ಲಿ ಬೈಕಿನ ಮೇಲೆ ಕೂತು ಆರ್ಡರ್ ಕಾಯುತ್ತಿರುವ ಆ ಹುಡುಗನಿಗೆ ಕಾಯಕಯೋಗಿ ಎಂಬ ಬಿರುದು ಕೊಡುವುದಕ್ಕೆ ನಮಗೆ ಒಂದು ಪೈಸೆಯೂ ಖರ್ಚಿಲ್ಲ.

ಕಳೆದ ತಿಂಗಳು ಕುಣಿಗಲ್ ಕಡೆಯ ಆ ಊರಿಗೆ ಹೋಗಿದ್ದೆ. ಅವನಿಗೆ ಈಗ ನಲವತ್ತೆರಡು. ಪ್ರೆಸ್ ಕೆಲಸ ಬಿಟ್ಟವನು ಮತ್ತೆ ಬೆಂಗಳೂರಿಗೆ ಬರಲಿಲ್ಲ, ಕೊಬ್ಬರಿ ಸುಲಿಯಲು ಹೋಗುತ್ತಾನೆ. ಅವನ ತಾಯಿ ತೀರಿಕೊಂಡಿದ್ದಾರೆ. ಚೆಕ್ಕು ಕೊಟ್ಟಾಗ, "ಇದು ಯಾತಕ್ಕೆ ಯಜಮಾನ್ರೇ?" ಎಂದ. ನಿನ್ನ ಬಾಕಿ ಕಣಪ್ಪಾ ಎಂದೆ. ಅವನು ಚೆಕ್ಕನ್ನು ಬಹಳ ಹೊತ್ತು ನೋಡಿ, "ಅಮ್ಮ ಕೇಳಿದ್ ಚೀಟಿ ಈಗ್ಲಾದ್ರೂ ಬರ್ಕೊಡ್ತೀರಾ?" ಎಂದು ಕೇಳಿದ. ಬರೆದುಕೊಟ್ಟೆ, ಸೇರಿದ ತಾರೀಖು, ಮಾಡುತ್ತಿದ್ದ ಕೆಲಸ, ಬೆರಳು ಹೋದ ದಿನ ಎಲ್ಲವನ್ನೂ. ಪುಸ್ತಕದಲ್ಲಿ ಇಲ್ಲದ ಇನ್ನು ಮೂವರನ್ನು ಹುಡುಕುತ್ತಿದ್ದೇನೆ. ಒಬ್ಬನ ಊರು ಶಿರಾ ಹತ್ತಿರ ಎಂಬುದಷ್ಟೇ ನೆನಪಿದೆ.

ಸಂಪಾದಕರಲ್ಲಿ, ಪೂಜ್ಯರಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ಬಸವ ಜಯಂತಿಯ ಒಳಗೆ ನಮ್ಮ ಶಾಲೆ, ಹಾಸ್ಟೆಲ್, ದಾಸೋಹ ಮನೆಗಳಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಿಸಿ. ಇಎಸ್‌ಐ, ಪಿಎಫ್ ಅನ್ವಯಿಸುವ ಕಡೆ ಪೂರ್ತಿ ಸಂಬಳದ ಮೇಲೆ ಕಟ್ಟಿಸಿ, ಸಹಿ ಹಾಕಿದ ಮೊತ್ತವೇ ಬ್ಯಾಂಕ್ ಖಾತೆಗೆ ಹೋಗಲಿ. ಹಾಗೆ ಮಾಡಿದ ಸಂಸ್ಥೆಗಳ ಹೆಸರನ್ನು ಈ ಪತ್ರಿಕೆಯಲ್ಲಿ, ದಾನಿಗಳ ಪಟ್ಟಿ ಬರುವ ಪುಟದಲ್ಲೇ, ತಿಂಗಳು ತಿಂಗಳು ಅಚ್ಚು ಮಾಡಿ. ನಮ್ಮ ಸಮಾಜದ ಶೆಡ್ಡು, ಅಂಗಡಿ, ಗುತ್ತಿಗೆ ನಡೆಸುವ ಬಂಧುಗಳು ತಮ್ಮ ತಮ್ಮ ಹಾಜರಿ ಪುಸ್ತಕ ಇಳಿಸಿ ನೋಡಲಿ. ಸಣ್ಣ ಯಜಮಾನರು ಒಟ್ಟಾಗಿ 45 ದಿನದ ಹಣಕ್ಕೆ ಹೋರಾಡುವುದಾದರೆ, ಈ ವಯಸ್ಸಿನಲ್ಲೂ ನಾನು ಮೊದಲ ಸಾಲಿನಲ್ಲಿ ಕೂರಲು ಸಿದ್ಧ.